ತಂಬೂರಿ ಹಿಡಿದು ಕಲಿತ ಲ್ಯಾಟಿನ್ ಕೀರ್ತನೆ

ಶುಭಶುಕ್ರವಾರ ನಮ್ಮ ಚರ್ಚ್ ಕ್ವಾಯರ್‌ನ (ಹಾಡುವ ತಂಡದ) ಕೀಬೋರ್ಡ್ ಹುಡುಗನಿಗೆ ರಜೆ. ಪವಿತ್ರ ಗುರುವಾರ ಸಂಜೆ ‘ಗ್ಲೋರಿಯಾ’ ಸ್ತುತಿಗೀತೆ ಹಾಡಿದ ಮೇಲೆ ಈಸ್ಟರ್ ಜಾಗರಣೆಯ ತನಕ ಗಂಟೆ ಬಾರಿಸುವುದಿಲ್ಲ, ನಮ್ಮ ಚರ್ಚಿನಲ್ಲಿ ವಾದ್ಯವನ್ನೂ ಮುಟ್ಟುವುದಿಲ್ಲ. ಪ್ರತಿ ವರ್ಷ ಆ ದಿನ ಗೊತ್ತಿದ್ದ ಹಾಡನ್ನೇ ಹೇಗೋ ಎಳೆದು ಮುಗಿಸುತ್ತಿದ್ದೆವು. ಕೀಬೋರ್ಡ್ ಇಲ್ಲದಿದ್ದರೆ ನಮ್ಮ ಹಾಡು ಇಷ್ಟೇನಾ ಅನ್ನಿಸೋದು. ಹೋದ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ, ಹಠಕ್ಕೆ ಬಿದ್ದೆ. ವಾದ್ಯವೇ ಬೇಡದ ಹಾಡು ಮಾಡೋಣ ಅಂತ ‘ದೆ ಪ್ರೊಫುಂದಿಸ್’ ಅನ್ನೋ ಬೈಬಲ್‌ನ ಲ್ಯಾಟಿನ್ ಕೀರ್ತನೆಗೆ ನಾಲ್ಕು ದನಿಯಲ್ಲಿ ನಾನೇ ಸ್ವರ ಹಾಕಿದೆ. ‘ಆಳದೊಳಗಿಂದ ನಿನ್ನನ್ನು ಕೂಗಿದೆ, ಪ್ರಭುವೇ’ ಅಂತ ಅದು ಶುರುವಾಗುತ್ತದೆ.

ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನವನು. ಸಂಗೀತ ಅಂದರೆ ಧಾರವಾಡಕ್ಕೆ ಹೋಗಿ ಆರು ವರ್ಷ ಕಲಿತ ಹಿಂದೂಸ್ತಾನಿ, ಜೊತೆಗೆ ಕ್ವಾಯರ್‌ನಲ್ಲಿ ಕೇಳಿ ಕೇಳಿ ಬಂದ ಅಷ್ಟಿಷ್ಟು ಪಾಶ್ಚಾತ್ಯ.

ಮೊದಲ ದಿನವೇ ಎಡವಟ್ಟು. ಹಳೆಯ ಲ್ಯಾಟಿನ್ ಬೈಬಲ್‌ನಲ್ಲಿ ಈ ಕೀರ್ತನೆಯ ಸಂಖ್ಯೆ 129. ನಮ್ಮ ಕನ್ನಡ ಬೈಬಲ್‌ನಲ್ಲಿ 130. ನಾನು ಸುಮ್ನೆ ‘129 ಓದಿಕೊಂಡು ಬನ್ನಿ’ ಅಂದಿದ್ದೆ. ಒಬ್ಬರು ಬಂದು, ‘ಸರ್, ಇದರಾಗ ಬೆನ್ನ ಮ್ಯಾಲೆ ನೇಗಿಲ ಹೊಡಿಯೋ ಮಾತೈತ್ರಿ, ಇದನ್ನ ಹಾಡೋದೇನ್ರಿ?’ ಅಂದರು. ಕನ್ನಡದ 129ರಲ್ಲಿ ನಿಜವಾಗಿಯೂ ಅದೇ ಇದೆ.

ಹನ್ನೊಂದು ಜನರಲ್ಲಿ ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದುವವರು ಇಬ್ಬರೇ. ಹಾಗಾಗಿ ಸರಿಗಮವನ್ನೂ ಲ್ಯಾಟಿನ್ ಮಾತನ್ನೂ ಕನ್ನಡ ಲಿಪಿಯಲ್ಲೇ ಬರೆದು ಜೆರಾಕ್ಸ್ ಮಾಡಿಸಿದೆ. ಇದರಿಂದ ನೆನೆಸದ ಲಾಭವಾಯಿತು. ಇಂಗ್ಲಿಷ್ ಅಕ್ಷರ ನೋಡಿ ಹಾಡಿದವರು ‘ಡಾಮಿನೇ’ ಅನ್ನುತ್ತಿದ್ದರು. ಕನ್ನಡದಲ್ಲಿ ‘ದೋಮಿನೆ’ (ಪ್ರಭುವೇ) ಅಂತ ಕಂಡ ಕೂಡಲೇ ದ ಹಲ್ಲಿಗೆ ತಾಗಿತು, ಒ ಗುಂಡಗೆ ಬಂತು. ‘ವೋಚೆಮ್’ (ದನಿ) ಅಂತ ಬರೆದರೆ ಯಾರೂ ‘ವೋಸೆಮ್’ ಅನ್ನಲಿಲ್ಲ. ಕನ್ನಡ ಮೀಡಿಯಂನವರೇ ಮುಂದೆ ಹೋದರು!

ಸೋತಿದ್ದು ಒತ್ತಿನಲ್ಲಿ, ಅಂದರೆ ಪದದ ಯಾವ ಅಕ್ಷರವನ್ನು ಒತ್ತಿ ಹೇಳಬೇಕು ಅನ್ನೋದರಲ್ಲಿ. ಕನ್ನಡ ಮಾತಿನಲ್ಲಿ ಒತ್ತು ಅಷ್ಟು ಎದ್ದು ಕಾಣುವುದಿಲ್ಲ, ಅಲ್ವಾ? ಲ್ಯಾಟಿನ್‌ಗೆ ಅದು ಬೇಕೇ ಬೇಕು. ಕೊನೆಯಿಂದ ಎರಡನೇ ಅಕ್ಷರ ನಮ್ಮ ಛಂದಸ್ಸಿನ ಗುರುವಿನ ಹಾಗೆ ಭಾರವಾಗಿದ್ದರೆ ಒತ್ತು ಅಲ್ಲಿ, ಇಲ್ಲದಿದ್ದರೆ ಮೂರನೆಯದಕ್ಕೆ. ‘ಪ್ರೊಫುಂದಿಸ್’ನಲ್ಲಿ ‘ಫುನ್’ ಮೇಲೆ, ‘ದೋಮಿನೆ’ಯಲ್ಲಿ ‘ದೋ’ ಮೇಲೆ. ನಾನು ‘ಮಿ’ಯನ್ನು ಮೇಲಿನ ಸ್ವರಕ್ಕೆ ಏರಿಸಿ ನಾಲ್ಕು ಮಾತ್ರೆ ಎಳೆದಿದ್ದೆ. ನಿವೃತ್ತ ಫಾದರ್ ಒಬ್ಬರು ಕೇಳಿ, ‘ದೇವರ ಹೆಸರನ್ನ ತಪ್ಪಾಗಿ ಕರದ್ರ ಯಾಕ ಹೊಳ್ಳಿ ನೋಡ್ತಾನ?’ ಅಂದರು. ಮೂರು ಪುಟ ಮತ್ತೆ ಬರೆದೆ.

ಕಟ್ಟುವ ರೀತಿಯನ್ನು ಎಸ್ಟೋನಿಯಾದ ಸಂಗೀತ ರಚನಕಾರ ಆರ್ವೋ ಪ್ಯಾರ್ಟ್ ಅವರಿಂದ ಎರವಲು ತಂದೆ. ಅವರು 1976ರಲ್ಲಿ ಕಂಡುಕೊಂಡ ದಾರಿ ಅದು. ಒಂದು ದನಿ ಪಕ್ಕದ ಸ್ವರಕ್ಕೆ ಮೆಲ್ಲಗೆ ಹೆಜ್ಜೆ ಹಾಕುತ್ತದೆ, ಇನ್ನೊಂದು ಮೂರೇ ಸ್ವರ ಬಿಟ್ಟು ಕದಲುವುದಿಲ್ಲ. ನನಗೆ ಆ ಮೂರು ಅಂದರೆ ಸ, ಕೋಮಲ ಗ (ತಗ್ಗಿಸಿದ ಗಾಂಧಾರ), ಪ. ಕಲಿಯುವವರಿಗೂ ಸುಲಭ. ಎಂಟು ವಚನಗಳಲ್ಲಿ ಬೆಸ ಸಂಖ್ಯೆಯವನ್ನು ಒಬ್ಬರೇ ಒಂದು ಸ್ವರದ ಮೇಲೆ ಹೇಳುವುದು, ಸಮ ಸಂಖ್ಯೆಯವನ್ನು ಎಲ್ಲರೂ ನಾಲ್ಕು ದನಿಯಲ್ಲಿ ಹಾಡುವುದು. ಅರ್ಧ ಕೆಲಸ ಉಳಿಯಿತು.

‘ಆಳದೊಳಗಿಂದ’ ಅಂತ ಹಾಡು. ಆದರೆ ಆಳದ ದನಿಯೇ ನಮ್ಮಲ್ಲಿರಲಿಲ್ಲ. ಬಿಳಿ ಎರಡಕ್ಕೆ (ಕೀಬೋರ್ಡಿನ ಎರಡನೇ ಬಿಳಿ ಮನೆಗೆ) ಸ ಇಟ್ಟರೆ ಗಂಡಸರು ಮಂದ್ರ ಪಂಚಮಕ್ಕೇ, ಅಂದರೆ ಕೆಳಗಿನ ಪ-ಕ್ಕೇ ಸುಸ್ತು. ಗೂಡ್ಸ್ ಗಾರ್ಡ್ ಒಬ್ಬರು ಮಂದ್ರ ಮ ಮುಟ್ಟುತ್ತಿದ್ದರು, ಅದೂ ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ಮಾತ್ರ. ಕೊನೆಗೆ ಹೆಂಗಸರನ್ನೇ ಕೆಳಗಿಳಿಸಿದೆ. ಮೇಲಿನ ದನಿಯವರು ತಮ್ಮ ಎದೆಯ ಸ್ವರದಲ್ಲಿ ಹಾಡಿದಾಗ ಬೇಕಾದ ಆಳ ಅಲ್ಲಿಂದಲೇ ಬಂತು.

ಜಾಸ್ತಿ ದಿನ ತಿಂದಿದ್ದು ಕೋಮಲ ಗ. ಗುರುಗಳ ಕಾಲದ ಮಿರಜ್ ತಂಬೂರಿ ತಂದು ಕ್ಯಾಟೆಕಿಸಂ (ಧರ್ಮಪಾಠದ) ಕೋಣೆಯಲ್ಲಿ ಶ್ರುತಿ ಹಿಡಿದೆ. ಸ, ಪ ಎರಡೇ ದಿನದಲ್ಲಿ ಕೂತವು. ಗ ಕೂರಲಿಲ್ಲ. ಖರಜದ (ಕೆಳಗಿನ ಸ-ದ) ತಂತಿ ಮೀಟಿದರೆ ಅದರೊಳಗಿಂದ ಶುದ್ಧ ಗಾಂಧಾರ ತಾನಾಗಿ ಕೇಳುತ್ತದೆ. ಅದರ ಎದುರು ಕೋಮಲ ಗ ಹಾಡಿಸಿದರೆ ಜಗಳವೇ. ಮೇಲಾಗಿ ನನ್ನ ಹಾಗೇ ಹಿಂದೂಸ್ತಾನಿ ಕಲಿತ ಒಬ್ಬ ತಂಗಿ ಆ ಗ-ವನ್ನು ದರ್ಬಾರಿ ರಾಗದ ಥರ ತಗ್ಗಿಸಿ ತೂಗುತ್ತಿದ್ದಳು. ಒಬ್ಬಳೇ ಹಾಡಿದರೆ ಕಣ್ಣು ಮುಚ್ಚಿ ಕೇಳಬೇಕು, ಅಷ್ಟು ಚಂದ. ನಾಲ್ಕು ದನಿ ಸೇರಿದಾಗ ಮಾತ್ರ ಗೋಡೆ ಬಿರುಕು ಬಿಟ್ಟ ಹಾಗೆ. ಇಲ್ಲಿ ಬೇಕಾದ ಗ ಕೀಬೋರ್ಡಿನದಕ್ಕಿಂತಲೂ ಎತ್ತರ. ಕೀಬೋರ್ಡಿನಲ್ಲಿ ಸ-ದಿಂದ 300 ಸೆಂಟ್ (ಸ್ವರಗಳ ಅಂತರದ ಅಳತೆ, ಅರ್ಧ ಸ್ವರಕ್ಕೆ 100) ದೂರ, ಸ, ಪ ಜೊತೆ ಸರಿಯಾಗಿ ಕೂಡುವುದು ಸುಮಾರು 316ಕ್ಕೆ.

ಲೆಕ್ಕ ಹೇಳಿ ಉಪಯೋಗವಾಗಲಿಲ್ಲ. ತಂಬೂರಿ ಬದಿಗಿಟ್ಟೆ. ಗಂಡಸರಿಗೆ ಸ, ಪ ಹಿಡಿದು ನಿಲ್ಲಲು ಹೇಳಿ, ಅವಳಿಗೆ ಕೆಳಗಿನಿಂದ ಇರುವೆ ಹತ್ತಿದ ಹಾಗೆ ಮೇಲೇರು ಅಂದೆ. ದನಿಗಳ ನಡುವೆ ‘ವ್ಹಾ ವ್ಹಾ ವ್ಹಾ’ ಅಂತ ಅಲೆ ಎದ್ದಿತು, ನಿಧಾನವಾಯಿತು, ಒಂದು ಕಡೆ ನಿಂತೇ ಹೋಯಿತು. ‘ಅಯ್ಯ, ಇಲ್ಲೈತಿ!’ ಅಂದಳು. ಆಮೇಲೆ ಅವಳಿಗೆ ಹೇಳಿಕೊಡುವ ಅಗತ್ಯ ಬೀಳಲಿಲ್ಲ.

ಇನ್ನು ಶ್ರುತಿ ಇಳಿಯುವ ರೋಗ. ಬಿಳಿ ಎರಡರಲ್ಲಿ ಹೊರಟು ಅರ್ಧ ಸ್ವರ ಕೆಳಗಿನ ಕಪ್ಪು ಒಂದಕ್ಕೆ ಬಂದು ಮುಟ್ಟುತ್ತಿದ್ದೆವು. ಇಳಿಯುವಾಗ ಹೆಜ್ಜೆ ಚಿಕ್ಕದಿಡಿ, ಏರುವಾಗ ದೊಡ್ಡದಿಡಿ ಅಂತ ದಿನಾ ಹೇಳಿದೆ, ಕುರ್ಚಿ ತೆಗೆಸಿ ನಿಲ್ಲಿಸಿದೆ. ಕಡಿಮೆಯಾಯಿತು. ಒಂದು ಸಂಜೆ ಎಲ್ಲ ಸರಿ ಹೋಗುತ್ತಿದ್ದಾಗ ಗೂಡ್ಸ್ ಗಾಡಿ ಉದ್ದಕ್ಕೆ ಹಾರ್ನ್ ಹೊಡೆಯಿತು. ಆಲ್ಟೋದ (ಹೆಂಗಸರ ಕೆಳದನಿಯ) ಮೂವರೂ ಗೊತ್ತೇ ಆಗದೆ ಹಾರ್ನಿನ ಸ್ವರಕ್ಕೆ ಹೋಗಿ ಕೂತರು.

ಶುಕ್ರವಾರ ಜನ ಶಿಲುಬೆಗೆ ಮುತ್ತಿಡಲು ಸಾಲಾಗಿ ಬರುವಾಗ ಹಾಡಿದೆವು. ಕೊನೆಯ ಸ್ವರಕೂಟದಲ್ಲಿ ಗ ಇಟ್ಟಿರಲಿಲ್ಲ, ಬರೀ ಸ ಮತ್ತು ಪ. ದನಿ ಕೂಡಿದಾಗ ಯಾರೂ ಹಾಡದ ಶುದ್ಧ ಗ ಮೇಲೆಲ್ಲೋ ಸಣ್ಣಗೆ ಕೇಳಿತು, ತಂಬೂರಿಯೊಳಗೆ ಕೇಳುವ ಹಾಗೆ. ಅದನ್ನು ಅನುಭವಿಸುತ್ತಾ ನಿಲ್ಲಲು ಪುರುಸೊತ್ತಿರಲಿಲ್ಲ. ಸಾಲು ಇನ್ನೂ ಅರ್ಧ ಬಾಕಿ. ಫಾದರ್ ಕೈಸನ್ನೆ ಮಾಡಿದರು, ಮೊದಲಿನಿಂದ ಮತ್ತೆ ಶುರು ಮಾಡಿದೆವು.

ಕೀಬೋರ್ಡ್ ಹುಡುಗ ಕಂಬದ ಹಿಂದೆ ಮೊಬೈಲಿನ ಟ್ಯೂನರ್ ಹಿಡಿದು ನಿಂತಿದ್ದನಂತೆ. ಹೊರಗೆ ಬಂದಾಗ, ‘ಮೊದಲನೇ ಸಲ ಕಾಲು ಸ್ವರ ಇಳದ್ರಿ ಸರ್’ ಅಂದ. ಎರಡನೇ ಸಲ? ‘ಅವಾಗ ನಾನೂ ಹಾಡಾಕತ್ತಿದ್ದೆ, ನೋಡಲಿಲ್ಲ.’