ಕೀ ಟ್ಯಾಗ್ ಬಾಗಿಲು: ಸಂಖ್ಯೆ ತಪ್ಪದಂತೆ ದಾಖಲಿಸುವುದು ಹೇಗೆ?

ಮೂಡಿಗೆರೆ, ಸಕಲೇಶಪುರದ ಹೋಂಸ್ಟೇ ಇರಲಿ, ಹಾಸನದ ಪಿ.ಜಿ. ಇರಲಿ, ಬೀಗದ ಕೈ ಬಿಟ್ಟು ಟ್ಯಾಗ್ ಹಾಕಿಸುವವರು ಮೊದಲು ಒಂದು ವಿಷಯ ತಿಳಿದಿರಬೇಕು. ಬಾಗಿಲು ತೆರೆಯುವ ಅಧಿಕಾರ ಟ್ಯಾಗ್‌ನಲ್ಲಿ ಇರುವುದಿಲ್ಲ. ಸಾಮಾನ್ಯ ಟ್ಯಾಗ್‌ನಲ್ಲಿರುವುದು ಬರೀ ಒಂದು ಸಂಖ್ಯೆ. ಯಾವ ಸಂಖ್ಯೆಗೆ ಯಾವ ಬಾಗಿಲು ಎಂಬ ಪಟ್ಟಿ ಬೀಗವನ್ನು ನಡೆಸುವ ಪೆಟ್ಟಿಗೆಯಾದ ಕಂಟ್ರೋಲರ್‌ನಲ್ಲಿರುತ್ತದೆ.

ಟ್ಯಾಗ್ ಬಿಚ್ಚಿದರೆ ಸಿಗುವುದು ತಾಮ್ರದ ತಂತಿಯ ಸುರುಳಿ, ಪುಟ್ಟ ಚಿಪ್, ಅಷ್ಟೆ. ಬ್ಯಾಟರಿ ಇಲ್ಲ. ಬಾಗಿಲ ಬಳಿ ಟ್ಯಾಗ್ ಓದುವ ಸಾಧನವಾದ ರೀಡರ್‌ನ ಕಾಂತಕ್ಷೇತ್ರದೊಳಗೆ ಬಂದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಚಿಪ್ ತನ್ನ ಲೋಡ್ ಅನ್ನು (ಎಳೆದುಕೊಳ್ಳುವ ವಿದ್ಯುತ್ತಿನ ಹೊರೆಯನ್ನು) ಹೆಚ್ಚುಕಡಿಮೆ ಮಾಡುತ್ತದೆ, ಆ ಏರಿಳಿತವನ್ನು ರೀಡರ್ 0, 1 ಎಂದು ಓದಿಕೊಳ್ಳುತ್ತದೆ.

ಮೊದಲ ಹೆಜ್ಜೆ, ಟ್ಯಾಗ್ ಯಾವ ಜಾತಿಯದು ಎಂದು ನೋಡಿ. ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್ ಫೋನಿನ ಬೆನ್ನಿಗೆ ಹಿಡಿಯಿರಿ. ಫೋನ್ ಗುರುತಿಸಿದರೆ ಅದು 13.56 ಮೆಗಾಹರ್ಟ್ಸ್ ಕಂಪನಾಂಕದ್ದು. ಸುಮ್ಮನಿದ್ದರೆ ಬಹುಮಟ್ಟಿಗೆ 125 ಕಿಲೋಹರ್ಟ್ಸ್. ಈ ಎರಡನೆಯದರಲ್ಲಿ ಹೆಚ್ಚು ಸಿಗುವುದು ಇಎಂ4100 ಬಗೆ. ಅದರಲ್ಲಿ ಒಟ್ಟು 64 ಬಿಟ್ (0 ಅಥವಾ 1): ಶುರುವಿಗೆ 9, ಸಂಖ್ಯೆಗೆ 40, ತಪ್ಪು ಹಿಡಿಯಲು 14, ಕೊನೆಗೆ 1. ಯಾವ ರೀಡರ್ ಎದುರು ಬಂದರೂ ಅದು ಸಂಖ್ಯೆಯನ್ನು ಹೇಳುತ್ತಲೇ ಇರುತ್ತದೆ. ಟಿ5577 ಖಾಲಿ ಟ್ಯಾಗ್‌ಗೆ ಅದನ್ನು ನಕಲು ಮಾಡಲು ಕೆಲವೇ ಸೆಕೆಂಡು ಸಾಕು. ಅತಿಥಿಗಳು ಬಂದುಹೋಗುವ ಮನೆಯ ಮುಂಬಾಗಿಲಿಗೆ ಇದನ್ನು ಹಾಕಲೇಬೇಡಿ.

13.56 ಎಂದ ಮಾತ್ರಕ್ಕೆ ಭದ್ರವೆಂದೂ ಅಲ್ಲ. ಆ ಜಾತಿಯ ಮೈಫೇರ್ ಕ್ಲಾಸಿಕ್ ಎಂಬ ಟ್ಯಾಗ್‌ನ ಗೂಢಲಿಪಿಯನ್ನು 2008ರಲ್ಲೇ ಭೇದಿಸಿದ್ದಾರೆ. ಕೊಳ್ಳುವುದಾದರೆ ಎಇಎಸ್ ಎಂಬ ಗೂಢಲಿಪಿಯ 128 ಬಿಟ್ ಕೀಲಿ ಬಳಸುವ ಡೆಸ್‌ಫೈರ್ ಇವಿ2 ಅಥವಾ ಇವಿ3 ಟ್ಯಾಗ್ ಕೊಳ್ಳಿ. ಜೊತೆಗೆ ಅಳವಡಿಸುವವರನ್ನು ಕೇಳಿ: ‘ರೀಡರ್ ಬರೀ ಯುಐಡಿ (ಕೀಲಿ ಇಲ್ಲದೆಯೂ ಸಿಗುವ ಗುರುತಿನ ಸಂಖ್ಯೆ) ಓದುತ್ತದೆಯೋ, ಒಳಗಿನ ಫೈಲನ್ನು ಕೀಲಿ ಹಾಕಿ ಓದುತ್ತದೆಯೋ?’ ಬರೀ ಯುಐಡಿ ಓದುವುದಾದರೆ ದುಬಾರಿ ಟ್ಯಾಗ್‌ಗೆ ಕೊಟ್ಟ ದುಡ್ಡು ನೀರುಪಾಲು. ಕಾರ್ಖಾನೆಯಿಂದ ಬಂದ ಕೀಲಿಯನ್ನು ಬದಲಿಸಿಯೇ ಬಳಸಿ.

ವೈರಿಂಗ್ ಎಲೆಕ್ಟ್ರಿಷಿಯನ್ ಕೆಲಸ. ರೀಡರ್‌ನಿಂದ ಕಂಟ್ರೋಲರ್‌ಗೆ ಹೋಗುವ ತಂತಿಗಳಲ್ಲಿ ಹಸಿರು ಡಿ0 (0 ಸಾಗಿಸುವುದು), ಬಿಳಿ ಡಿ1 (1 ಸಾಗಿಸುವುದು) ಎಂಬುದು ರೂಢಿ. ಎರಡೂ ಅದಲುಬದಲಾದರೆ ರೀಡರ್ ಬೀಪ್ ಎನ್ನುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಕಬ್ಬಿಣದ ಗೇಟಿಗೆ ರೀಡರ್ ಅಂಟಿಸಿದರೆ ಓದುವ ದೂರ ಕುಗ್ಗುತ್ತದೆ, ನಡುವೆ ದಪ್ಪ ಪ್ಲಾಸ್ಟಿಕ್ ಹಲಗೆ ಕೊಡಿ.

ಹಳೆಯ 125ರ ವ್ಯವಸ್ಥೆಯನ್ನೇ ಉಳಿಸಿಕೊಳ್ಳುವವರು ಎಡವುವುದು ಸಂಖ್ಯೆ ದಾಖಲಿಸುವಾಗ. ಟ್ಯಾಗ್ ಮೇಲೆ ‘0001234567’ ಎಂದೂ ಪಕ್ಕದಲ್ಲಿ ‘018,54919’ ಎಂದೂ ಅಚ್ಚಾಗಿದೆ ಎನ್ನಿ. ಇವು ಬೇರೆ ಬೇರೆ ಸಂಖ್ಯೆಗಳಲ್ಲ. 18 ಅನ್ನು 65536ರಿಂದ ಗುಣಿಸಿ 54919 ಕೂಡಿಸಿ, 1234567 ಬರುತ್ತದೆ. ರೀಡರ್‌ನಿಂದ ಕಂಟ್ರೋಲರ್‌ಗೆ ಹೋಗುವ 26 ಬಿಟ್‌ನ ವೀಗ್ಯಾಂಡ್ ಎಂಬ ರೂಢಿಯ ಮಾದರಿಯ ಸಂದೇಶದಲ್ಲಿ ಮೊದಲಿನ 18ಕ್ಕೆ 8 ಬಿಟ್, 54919ಕ್ಕೆ 16 ಬಿಟ್, ಎರಡು ತುದಿಗೆ ತಪ್ಪು ಹಿಡಿಯುವ ಒಂದೊಂದು ಪ್ಯಾರಿಟಿ ಬಿಟ್. ಸಾಫ್ಟ್‌ವೇರ್ 8 ಅಂಕಿ ಕೇಳಿದರೆ 01854919 ಹಾಕಿ, 10 ಅಂಕಿ ಕೇಳಿದರೆ ಉದ್ದದ್ದನ್ನು ಹಾಕಿ. ಬರೀ 54919 ದಾಖಲಿಸಿಕೊಳ್ಳುವ ಕಂಟ್ರೋಲರ್ ಬೇಡ, ಬೇರೆ ಕಟ್ಟಿನ ಟ್ಯಾಗ್‌ಗೂ ಅದೇ ಐದಂಕಿ ಇದ್ದರೆ ಅದಕ್ಕೂ ಬಾಗಿಲು ತೆರೆದೀತು. ಕೈಯಿಂದ ಒತ್ತುವುದಕ್ಕಿಂತ ಟ್ಯಾಗನ್ನು ರೀಡರ್‌ಗೆ ತೋರಿಸಿ ಸೇರಿಸುವುದೇ ಒಳ್ಳೆಯದು. ಕಂಟ್ರೋಲರ್ ತಾನು ಓದಿದ್ದನ್ನೇ ಬರೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋದಾಗ ಕಾಂತದ ಬೀಗ ತಾನಾಗಿ ಬಿಟ್ಟುಕೊಳ್ಳುತ್ತದೆ. ಅದಕ್ಕೆ 12 ವೋಲ್ಟ್ ಬ್ಯಾಟರಿ ಬ್ಯಾಕಪ್ ಕಡ್ಡಾಯ.

ಪ್ರತಿ ಕೋಣೆಗೂ ಪ್ರತ್ಯೇಕ ಟ್ಯಾಗ್ ಕೊಟ್ಟು ಸಂಖ್ಯೆಯನ್ನು ರಿಜಿಸ್ಟರ್‌ನಲ್ಲಿ ಬರೆದಿಡಿ. ಒಂದು ಕಳೆದರೆ ಆ ಸಂಖ್ಯೆಯೊಂದನ್ನೇ ಪಟ್ಟಿಯಿಂದ ಅಳಿಸಿದರೆ ಆಯಿತು. ಅಳಿಸುವ ಕ್ರಮವನ್ನು ಕೈಯಲ್ಲಿರುವ ಟ್ಯಾಗ್ ಒಂದರಿಂದಲೇ ಮೊದಲು ಪರೀಕ್ಷಿಸಿ: ಅಳಿಸಿ, ರೀಡರ್‌ಗೆ ಹಿಡಿದು, ಬಾಗಿಲು ತೆರೆಯದಿರುವುದನ್ನು ಕಣ್ಣಾರೆ ನೋಡಿ.