ಪತ್ತನಾಜೆಯ ಒಳಗೆ ನಮ್ಮ ಮನೆಯ ದಾಸ್ತಾನು

ಒಣಗಿಸುವ ಕೆಲಸವೆಲ್ಲ ಪತ್ತನಾಜೆಯ ಒಳಗೆ ಮುಗಿಯಬೇಕು ಎಂಬುದು ನಮ್ಮ ಕಡೆಯ ಹಳೆಯ ಲೆಕ್ಕ. ಪತ್ತನಾಜೆಯೆಂದರೆ ತುಳು ಪಂಚಾಂಗದ ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಆಸುಪಾಸು. 2025ರಲ್ಲಿ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೂ ಮೇ 24ಕ್ಕೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾಮೂಲು ದಿನ ಜೂನ್ 1. ಹಾಗಾಗಿ ಮೇ ಮೊದಲ ವಾರಕ್ಕೇ ನಾನು ದಾಸ್ತಾನಿಗೆ ಕೈಹಾಕುತ್ತೇನೆ. ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಒಳಗೆ, ಗುಡ್ಡದ ಬುಡದ ಅಡಿಕೆ ತೋಟದ ಮನೆ. ಗಾಳಿಮಳೆಗೆ ಮರ ಬಿದ್ದರೆ ದಾರಿ, ಕರೆಂಟು, ಫೋನು ಮೂರೂ ಒಟ್ಟಿಗೆ ಹೋಗುವುದು ಇಲ್ಲಿ ವಿಶೇಷವೇನಲ್ಲ.

ತಿನ್ನುವುದಕ್ಕೆ ತಲೆಬಿಸಿ ಇಲ್ಲ. ಉಪ್ಪುಸೊಳೆ (ಉಪ್ಪಿನಲ್ಲಿಟ್ಟ ಹಲಸಿನ ಸೊಳೆ), ಹಲಸಿನ ಹಪ್ಪಳ, ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಮಿಡಿ ಉಪ್ಪಿನಕಾಯಿ, ಒಣಗಿಸಿದ ಪುನರ್ಪುಳಿ ಅತ್ತೆಯ ಕಾಲದಿಂದಲೂ ಆಗುತ್ತಲೇ ಬಂದಿವೆ. ಕುಚ್ಚಲಕ್ಕಿಯೂ ತೊಗರಿಯೂ ಇದ್ದರೆ ಜಡಿಮಳೆಯ ಆಟಿ ತಿಂಗಳು ಕಳೆಯುತ್ತದೆ. ಕಾಳುಗಳನ್ನು ಬಿಸಿಲಿಗೆ ಹಾಕಿ ಪೂರಾ ತಣಿದ ಮೇಲೆಯೇ ಡಬ್ಬಿಗೆ ತುಂಬಿಸಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಬೂಸ್ಟು ಬರುತ್ತದೆ. ನಿತ್ಯ ತಿನ್ನದ್ದನ್ನು ಆಪತ್ತಿಗೆಂದು ತಂದಿಟ್ಟರೆ ಅದು ಹುಳಕ್ಕೇ ಸೈ.

ನಾನು ನಿಜವಾಗಿ ಲೆಕ್ಕ ಹಾಕಿ ಇಡುವುದು ಮದ್ದನ್ನು. ಕೇರಳ-ಕರ್ನಾಟಕ ಗಡಿಯಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕಾಯಿಲೆ ಬಂದರೆ ನಮ್ಮ ದಾರಿ ಮಂಗಳೂರಿಗೆ. 2020ರ ಮಾರ್ಚ್ ಕೊನೆಗೆ ಕೊರೊನಾದಿಂದ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಬಿತ್ತು. ಅತ್ತೆಯ ಡಾಕ್ಟರು ಆಚೆ, ಅತ್ತೆ ಈಚೆ. ಚೀಟಿಯಲ್ಲಿದ್ದ ಕಂಪೆನಿಯ ಬಿಪಿ ಮಾತ್ರೆ ಇಲ್ಲಿನ ಮೆಡಿಕಲ್ಲಿನಲ್ಲಿ ಇರಲಿಲ್ಲ. ಅಂಗಡಿಯ ಹುಡುಗ ಹಳೆಯ ಮಾತ್ರೆಪಟ್ಟಿಯ (ಸ್ಟ್ರಿಪ್ಪಿನ) ಹಿಂದೆ ಸಣ್ಣ ಅಕ್ಷರದಲ್ಲಿ ಇದ್ದ ಹೆಸರು ಓದಿ, "ಅಕ್ಕಾ, ಇದು ಆಮ್ಲೊಡಿಪಿನ್, ಬೇರೆ ಕಂಪೆನಿಯದ್ದು ಉಂಟು" ಎಂದ. ಡಾಕ್ಟರಿಗೆ ಫೋನು ಮಾಡಿ ಕೇಳಿದೆವು, ಅದೇ ಆಗುತ್ತದೆ ಎಂದರು.

ಅಲ್ಲಿಂದ ಈಚೆಗೆ ನಮ್ಮಲ್ಲಿ ಒಂದು ನೋಟುಪುಸ್ತಕ ಇದೆ. ಪ್ರತಿ ಮಾತ್ರೆಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ ಎಂದು ಅದರಲ್ಲಿ ಬರೆದಿಟ್ಟಿದ್ದೇನೆ. ಮೂಲ ಹೆಸರು ಗೊತ್ತಿದ್ದರೆ ಜನೌಷಧಿ ಅಂಗಡಿಯಲ್ಲೂ ಕೇಳಬಹುದು, ಬೆಲೆಯೂ ಕಡಿಮೆ. ಮಳೆಗಾಲಕ್ಕೆ ಒಂದು ತಿಂಗಳ ಮಾತ್ರೆ ಯಾವಾಗಲೂ ಮುಂಗಡ ಇರುತ್ತದೆ. ಹೊಸದನ್ನು ಹಿಂದೆ ಇಟ್ಟು ಹಳೆಯದನ್ನು ಮೊದಲು ಮುಗಿಸುವುದು. "ಎಂತಕ್ಕೆ ಇಷ್ಟು ಮಾತ್ರೆ, ಅಂಗಡಿ ಇಡುತ್ತೀಯಾ?" ಎಂದು ಅತ್ತೆ ಈಗಲೂ ನಗುತ್ತಾರೆ.

ಮಾವನ ಇನ್ಸುಲಿನ್ನಿನದ್ದು ಬೇರೆ ಕತೆ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಐಸಿಗೆ ತಾಗಬಾರದು. ಹೆಪ್ಪುಗಟ್ಟಿದ್ದನ್ನು ಮತ್ತೆ ಉಪಯೋಗಿಸುವಂತಿಲ್ಲ. ಕರೆಂಟು ಹೋದರೆ ಬಾಗಿಲು ತೆರೆಯದೆ ಬಿಟ್ಟ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ. ಅದಕ್ಕೂ ಮೇಲಾದರೆ ಬಾಟಲಿಯನ್ನು ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿ, ನೀರು ತುಂಬಿದ ಮಣ್ಣಿನ ಮಡಕೆಯೊಳಗೆ ಇಡುತ್ತೇನೆ. ಜತೆಗೆ ಓಆರ್‌ಎಸ್, ಪ್ಯಾರಸಿಟಮಾಲ್, ಗಾಯದ ಬಟ್ಟೆ. ಇಲಿಜ್ವರದ ಮುನ್ನೆಚ್ಚರಿಕೆಯ ಮಾತ್ರೆ ಮಾತ್ರ ಮನೆಯಲ್ಲಿ ಇಡುವುದಿಲ್ಲ. ಕೆಸರಿನಲ್ಲಿ ಕೆಲಸ ಮಾಡುವವರು ಆರೋಗ್ಯ ಕೇಂದ್ರದಲ್ಲಿ ಕೇಳಿಯೇ ತೆಗೆದುಕೊಳ್ಳುವುದು. ಹಾವು ಕಚ್ಚಿದರೆ ಮನೆಮದ್ದಿಲ್ಲ, 108ಕ್ಕೆ ಫೋನು. ಆ ನಂಬರೂ ಜೀಪಿನವರ ನಂಬರೂ ಗೋಡೆಯ ಮೇಲೆಯೇ ಬರೆದಿವೆ.

ಮಳೆಗಾಲದಲ್ಲಿ ನೀರಿಗೇನು ಬರ ಎನ್ನಬೇಡಿ. ಕರೆಂಟಿಲ್ಲದೆ ಪಂಪು ನಿಂತರೆ ಬಾವಿ ತುಂಬಿದ್ದರೂ ಬಾಯಾರಿಕೆಯೇ. ಪಂಪು ಬಂದಮೇಲೆ ತುಂಬಾ ಮನೆಗಳಲ್ಲಿ ರಾಟೆ ಕಳಚಿಟ್ಟಿದ್ದಾರೆ. ನಮ್ಮಲ್ಲಿ ರಾಟೆ, ಹಗ್ಗ, ಕೊಡಪಾನ ಮೂರೂ ಇವೆ. ಹಗ್ಗ ಹಳತಾಗಿ ಲಡ್ಡಾಗಿದೆಯೇ ಎಂದು ಮೇ ತಿಂಗಳಲ್ಲಿ ಎಳೆದು ನೋಡುತ್ತೇವೆ.

ಗುಡ್ಡದ ಕೆಂಪು ನೀರು ಬಾವಿಗೆ ಇಳಿದರೆ ಬ್ಲೀಚಿಂಗ್ ಪೌಡರ್ ಬೇಕು. ಅಳತೆ 1000 ಲೀಟರಿಗೆ 2.5 ಗ್ರಾಂ. ಬಾವಿಯ ಅಡ್ಡಳತೆ 2 ಮೀಟರು, ನೀರು 3 ಮೀಟರು ಇದ್ದರೆ ಸುಮಾರು 9,400 ಲೀಟರು, ಅಂದರೆ 24 ಗ್ರಾಮಿನಷ್ಟು. ಪುಡಿಯನ್ನು ಬಕೆಟಿನ ನೀರಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಕೊಡಪಾನದಲ್ಲಿ ಬಾವಿಯ ಆಳಕ್ಕಿಳಿಸಿ ಕಲಸುವುದು. ಕಡಿಮೆಯೆಂದರೆ ಒಂದು ಗಂಟೆ ಸೇದಬಾರದು. ನಾವು ರಾತ್ರಿ ಹಾಕಿ ಬೆಳಿಗ್ಗೆಯೇ ಸೇದುವುದು. ಇದನ್ನು ವರ್ಷಗಟ್ಟಲೆ ಇಡಬೇಡಿ, ಗಾಳಿ ತಾಗಿದರೆ ಶಕ್ತಿ ಹೋಗುತ್ತದೆ. ಪ್ರತಿ ವರ್ಷ ಸಣ್ಣ ಪೊಟ್ಟಣ ಸಾಕು. ಕುಡಿಯುವ ನೀರು ಕುದಿಸುವುದು ಹೇಗೂ ಇದ್ದದ್ದೇ.

ಒಲೆಗೆ ಗ್ಯಾಸಿನ ಎರಡನೇ ಸಿಲಿಂಡರ್ ಇದ್ದರೂ ಸೌದೆ ಕೊಟ್ಟಿಗೆ ತುಂಬಲೇಬೇಕು. ತೆಂಗಿನ ಗೆರಟೆಯನ್ನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದರೆ ಎಂಥ ಥಂಡಿಯಲ್ಲೂ ಬೆಂಕಿ ಹಿಡಿಯುತ್ತದೆ. ಬೆಳಕಿಗೆ ಎಲ್‌ಇಡಿ ಎಮರ್ಜೆನ್ಸಿ ದೀಪ. ಟಾರ್ಚನ್ನು ತುಂಬಾ ದಿನ ಮುಟ್ಟದಿದ್ದರೆ ಸೆಲ್ಲು ಹೊರಗೆ ತೆಗೆದಿಡುವುದು, ಇಲ್ಲದಿದ್ದರೆ ಸೋರಿ ಟಾರ್ಚೇ ಹಾಳು. ರೇಷನ್ ಕಾರ್ಡು, ಆಧಾರ್, ಭೂಮಿಯ ಕಾಗದಗಳ ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ.

ಇದೇ ಹೊತ್ತಿಗೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಮೈಲುತುತ್ತವೂ ಸುಣ್ಣವೂ ಮನೆಗೆ ಬರುತ್ತವೆ. ಎಷ್ಟೇ ಮಳೆ ಹೊಡೆಯಲಿ, ಆ ವಿಷದ ಚೀಲ ಉಗ್ರಾಣದ ಹೊಸ್ತಿಲು ದಾಟುವಂತಿಲ್ಲ. ಅದಕ್ಕೆ ಹಟ್ಟಿಯ ಆಚೆ ಬೀಗದ ಕೋಣೆ ಇದೆ, ಕೀಲಿಕೈ ಮಾವನ ಹತ್ತಿರ.