ಬಿಲ್ ಕಟ್ಟುವ ಮುಂಚೆ ಸೈಟಿನ ವಿಳಾಸ ಓದಿ

ಎಲ್ಲರಿಗೂ ನಮಸ್ಕಾರ. ಮಂಗಳೂರು, ಉಡುಪಿ ಕಡೆ ಕರೆಂಟ್ ಬಿಲ್ ಕಟ್ಟಲು ಗೂಗಲ್‌ನಲ್ಲಿ ಹುಡುಕುವವರು ತುಂಬಾ ಜನ. ಅಲ್ಲಿ ಮೊದಲು ಕಾಣುವುದು ಎಷ್ಟೋ ಸಲ ಜಾಹೀರಾತು. ದುಡ್ಡು ಕೊಟ್ಟು ಕಳ್ಳರೂ ಆ ಜಾಗಕ್ಕೆ ಬರುತ್ತಾರೆ. ಲೋಗೋ, ಬಣ್ಣ ಎಲ್ಲ ಅಸಲಿಯ ಹಾಗೇ ಇರುತ್ತದೆ.

ನೋಡಬೇಕಾದ್ದು ಮೇಲಿನ ವಿಳಾಸ. ‘ಮೆಸ್ಕಾಂ ಡಾಟ್ ಬಿಲ್‌ಕಟ್ಟಿ ಡಾಟ್ ಕಾಮ್’ ಅಂತ ಇದೆ ಅಂದುಕೊಳ್ಳಿ. ಮೆಸ್ಕಾಂ ಅಂದರೆ ನಮ್ಮ ಕಡೆಯ ಕರೆಂಟ್ ಕಂಪನಿ, ಆ ಹೆಸರು ಕಂಡ ಕೂಡಲೇ ನಂಬಿಕೆ ಬರುತ್ತದೆ, ಅಲ್ವಾ? ಆದರೆ ಬಲಗಡೆಯಿಂದ ಓದಿ. ‘ಕಾಮ್’ಗೆ ತಾಗಿಕೊಂಡು ಎಡಕ್ಕೆ ಇರುವುದು ‘ಬಿಲ್‌ಕಟ್ಟಿ’. ಸೈಟ್ ಅವರದ್ದು, ಮೆಸ್ಕಾಂನದ್ದಲ್ಲ. ಅದಕ್ಕೂ ಎಡಗಡೆ ಯಾರ ಹೆಸರನ್ನು ಬೇಕಾದರೂ ಹಾಕಿಕೊಳ್ಳಬಹುದು. ಬೀಗದ ಚಿಹ್ನೆಯನ್ನೂ ನಂಬಬೇಡಿ, ನಕಲಿ ಸೈಟಿಗೂ ಅದು ಸುಲಭವಾಗಿ ಸಿಗುತ್ತದೆ.

ಬ್ಯಾಂಕಿನ ವಿಷಯ ಈಗ ಸ್ವಲ್ಪ ಸುಲಭ. ರಿಸರ್ವ್ ಬ್ಯಾಂಕ್ ಹೇಳಿದಂತೆ 2025ರ ಅಕ್ಟೋಬರ್ 31ರೊಳಗೆ ನಮ್ಮ ಬ್ಯಾಂಕುಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬರಬೇಕಿತ್ತು. ಕೊನೆಯಲ್ಲಿ ಅದು ಇಲ್ಲದಿದ್ದರೆ ಪಾಸ್‌ವರ್ಡ್ ಹಾಕಬೇಡಿ.

ಕಸ್ಟಮರ್ ಕೇರ್ ನಂಬರನ್ನಂತೂ ಗೂಗಲ್‌ನಲ್ಲಿ ಹುಡುಕಲೇಬೇಡಿ. ಬ್ಯಾಂಕಿನದ್ದು ಕಾರ್ಡಿನ ಹಿಂದೆಯೇ ಇರುತ್ತದೆ. ಮೆಸ್ಕಾಂಗೆ 1912.

ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇದ್ದು ಊರಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ನಮ್ಮಲ್ಲಿ ಜಾಸ್ತಿ. ರಜೆಯಲ್ಲಿ ಬಂದಾಗ ಅವರ ಮೊಬೈಲಿನಲ್ಲಿ ಸರಿಯಾದ ಸೈಟುಗಳನ್ನು ಬುಕ್‌ಮಾರ್ಕ್ ಮಾಡಿಕೊಡಿ, ದಯವಿಟ್ಟು.

ದುಡ್ಡು ಹೋಯಿತು ಅಂತ ಗೊತ್ತಾದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಜಾಸ್ತಿ.